ಮೆದು ಕಲ್ಲಿಗೆ ಯಾವ ಬೋಲ್ಟ್ ನಂಬುವುದು?

ಪ್ರಶ್ನೆ: ಮರಳುಗಲ್ಲಿನ ಬಂಡೆಯೊಂದರಲ್ಲಿ ಹೊಸ ಕ್ಲೈಂಬಿಂಗ್ ರೂಟ್ ಮಾಡುತ್ತಿದ್ದೇವೆ. 10 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ ವೆಜ್ ಬೋಲ್ಟ್ ಮೂರು ಹಾಕಿದೆವು. ಎರಡರಲ್ಲಿ ಸ್ಪ್ಯಾನರ್ ತಿರುಗಿಸಿದಷ್ಟೂ ನಟ್ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ. ಗ್ರಾನೈಟ್‌ನಲ್ಲಿ ಇದೇ ಬೋಲ್ಟ್ ಗಟ್ಟಿಯಾಗಿ ಕೂತಿತ್ತು. ಇನ್ನೂ ಉದ್ದದ್ದು ತಂದರೆ ಸಾಕೇ?

ಉತ್ತರ: ಸಾಲದು. ಮೊದಲು ಮೂರೂ ಬೋಲ್ಟ್‌ಗಳ ಹ್ಯಾಂಗರ್ (ಹಗ್ಗ ಸಿಕ್ಕಿಸಲು ಬೋಲ್ಟಿಗೆ ಹಾಕುವ ಲೋಹದ ತಟ್ಟೆ) ಬಿಚ್ಚಿಡಿ, ಬಿಗಿಯಾದಂತೆ ಕಾಣುವುದರದ್ದೂ. ನೀವು ಇಲ್ಲದಾಗ ಯಾರಾದರೂ ನಂಬಿ ಹಗ್ಗ ಸಿಕ್ಕಿಸಿಬಿಟ್ಟಾರು.

ವೆಜ್ ಬೋಲ್ಟ್ ಹಿಡಿಯುವುದು ತುದಿಯಲ್ಲಿರುವ ಸಣ್ಣ ಕ್ಲಿಪ್‌ನಿಂದ. ನಟ್ ಬಿಗಿ ಮಾಡಿದಾಗ ಬೋಲ್ಟ್ ಹೊರಕ್ಕೆ ಸರಿಯುತ್ತದೆ, ತುದಿಯ ಶಂಕು ಕ್ಲಿಪ್ಪಿನೊಳಗೆ ನುಗ್ಗಿ ಅದನ್ನು ಅಗಲಿಸುತ್ತದೆ, ಕ್ಲಿಪ್ ತೂತಿನ ಗೋಡೆಯನ್ನು ಒತ್ತುತ್ತದೆ. ಅಷ್ಟೂ ಒತ್ತಡ ಬೀಳುವುದು ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯ ಮೇಲೆ. ಗ್ರಾನೈಟ್ ಅದನ್ನು ತಡೆಯುತ್ತದೆ, ಮೆದು ಮರಳುಗಲ್ಲು ಪುಡಿಯಾಗುತ್ತದೆ. ಉದ್ದದ ಬೋಲ್ಟ್ ತಂದರೂ ಕ್ಲಿಪ್ ಅಷ್ಟೇ ಅಗಲ, ಆದ್ದರಿಂದ ಹೊರಕ್ಕೆ ಎಳೆಯುವ ಬಲದ ಎದುರು ದೊಡ್ಡ ಲಾಭವಿಲ್ಲ. ನಿಮ್ಮದರಂತೆಯೇ ಬಿಗಿಯಾಗದ ಬೋಲ್ಟೊಂದನ್ನು ನಾನು ಎಳೆದು ತೆಗೆದಿದ್ದೆ. ಬೋಲ್ಟ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಕ್ಲಿಪ್ಪಿನ ಸುತ್ತ ಹಿಟ್ಟಿನಂಥ ಮರಳು ಮೆತ್ತಿಕೊಂಡಿತ್ತು, ತೂತಿನ ಒಳಗೋಡೆ ಕೆರೆದು ಅಗಲವಾಗಿತ್ತು. ಸೋತದ್ದು ಲೋಹವಲ್ಲ, ಕಲ್ಲು. ಬಿಗಿಯಾಗಿ ಕೂತ ಬೋಲ್ಟ್ ಕೂಡ ಹೀಗೆ ಒಳಗೊಳಗೇ ಸಡಿಲವಾಗಬಹುದು, ಏಕೆಂದರೆ ಒತ್ತಡದಲ್ಲಿರುವ ಮೆದು ಕಲ್ಲು ನಿಧಾನವಾಗಿ ಜಗ್ಗುತ್ತದೆ.

ಹ್ಯಾಂಗರ್ ಮೇಲೆ ಬರೆದಿರುವ 25 ಕಿಲೋನ್ಯೂಟನ್ ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದು ಎಷ್ಟು ಬಲ ತಡೆಯುತ್ತದೆ ಎಂಬುದರ ಅಂಕಿ. ಕ್ಲೈಂಬಿಂಗ್ ಬೋಲ್ಟ್‌ಗಳ ಯುರೋಪಿಯನ್ ಮಾನದಂಡವಾದ ಇಎನ್ 959ರ ಪ್ರಕಾರ ಅದರ ಪರೀಕ್ಷೆ ನಡೆಯುವುದು ಸುಮಾರು 50 ಮೆಗಾಪಾಸ್ಕಲ್ ಬಲದ ಗಟ್ಟಿ ಕಾಂಕ್ರೀಟ್ ದಿಮ್ಮಿಯಲ್ಲಿ. ನಿಮ್ಮ ಬಂಡೆ ಅದರ ಅರ್ಧದಷ್ಟೂ ಗಟ್ಟಿಯಿರಲಿಕ್ಕಿಲ್ಲ. ಉಗುರಿನಿಂದ ಕೆರೆದರೆ ಮರಳು ಉದುರುತ್ತದೆಯೇ? ಸುತ್ತಿಗೆಯಿಂದ ತಟ್ಟಿದರೆ ಠಣ್ ಎನ್ನದೆ ದಬ್ ಎನ್ನುತ್ತದೆಯೇ? ದಬ್ ಎಂದರೆ ಒಳಗೆ ಟೊಳ್ಳಿರಬಹುದು, ಅಲ್ಲಿ ಯಾವ ಬೋಲ್ಟೂ ಬೇಡ. ಜಾಗ ಬದಲಿಸಿ. ಬಿರುಕಿನಿಂದ, ಅಂಚಿನಿಂದ, ಇನ್ನೊಂದು ಬೋಲ್ಟ್‌ನಿಂದ ಗಟ್ಟಿ ಕಲ್ಲಿನಲ್ಲಿ ಬಿಡುವುದಕ್ಕಿಂತ ಹೆಚ್ಚು ದೂರ ಬಿಡಿ.

ನಿಮಗೆ ಬೇಕಾದದ್ದು ಅಂಟು ಹಾಕಿ ಕೂರಿಸುವ ಸ್ಟೇನ್‌ಲೆಸ್ ಬೋಲ್ಟ್. ಅದು ಕಲ್ಲನ್ನು ಒಂದೇ ಕಡೆ ಅಗಲಿಸುವುದಿಲ್ಲ, ತೂತಿನ ಪೂರ್ತಿ ಉದ್ದಕ್ಕೂ ಭಾರ ಹಂಚುತ್ತದೆ, ನೀರು ಒಳಗಿಳಿಯುವುದನ್ನೂ ತಡೆಯುತ್ತದೆ. ಇಲ್ಲಿ ಉದ್ದ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ದಪ್ಪ 12 ಮಿ.ಮೀ. ಅಥವಾ ಹೆಚ್ಚು, ಉದ್ದ ಕನಿಷ್ಠ 100 ಮಿ.ಮೀ., ಕಲ್ಲು ತೀರಾ ಮೆದುವಾದರೆ 150 ಅಥವಾ ಅದಕ್ಕೂ ಹೆಚ್ಚು. ಅಂಟಿಗೆ ಶುದ್ಧ ಎಪಾಕ್ಸಿಯೇ ನನ್ನ ಆಯ್ಕೆ. ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ, ಆದರೆ ಅಗ್ಗದ ಪಾಲಿಯೆಸ್ಟರ್ ಅಂಟಿನಷ್ಟು ಕುಗ್ಗುವುದಿಲ್ಲ. ಡಬ್ಬದ ಮೇಲಿನ ಅವಧಿ ಮುಗಿದಿದ್ದರೆ ಎಸೆದುಬಿಡಿ, ಉಳಿತಾಯದ ಜಾಗ ಇದಲ್ಲ.

ಅಂಟಿನ ಬೋಲ್ಟ್ ಸೋಲುವುದು ಹೆಚ್ಚಾಗಿ ಧೂಳಿನಿಂದ. ಗೋಡೆಗೆ ಪುಡಿ ಮೆತ್ತಿದ್ದರೆ ಅಂಟು ಹಿಡಿಯುವುದು ಆ ಪುಡಿಯನ್ನು, ಕಲ್ಲನ್ನಲ್ಲ. ಕೊರೆದ ಮೇಲೆ ಕೊಳವೆಯನ್ನು ತೂತಿನ ತಳದವರೆಗೂ ಇಳಿಸಿ ಊದಿ, ನೈಲಾನ್ ಬ್ರಷ್ಷಿನಿಂದ ತಿರುವಿ ತಿರುವಿ ಉಜ್ಜಿ, ಮತ್ತೆ ಊದಿ. ಮರಳುಗಲ್ಲಿನಲ್ಲಿ ಎರಡು ಸಲ ಮಾಡಿದರೆ ಸಾಲುವುದಿಲ್ಲ. ಊದಿದಾಗ ಹೊಗೆಯಂಥ ಧೂಳು ಬರುವುದು ನಿಲ್ಲುವ ತನಕ ಬಿಡಬೇಡಿ. ಕಲ್ಲು ತೀರಾ ಮೆದುವಾದರೆ ಡ್ರಿಲ್‌ನ ಸುತ್ತಿಗೆ ಹೊಡೆತ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಿರಿ, ಇಲ್ಲವಾದರೆ ತೂತು ಬೇಕಾದ್ದಕ್ಕಿಂತ ಅಗಲವಾಗುತ್ತದೆ. ಮರಳುಗಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ಬರಬಹುದು, ಆ ರೋಗಕ್ಕೆ ಮದ್ದಿಲ್ಲ. ಬಟ್ಟೆ ಕಟ್ಟಿಕೊಂಡರೆ ಆಗದು, ಮುಖಕ್ಕೆ ಸರಿಯಾಗಿ ಕೂರುವ ಫಿಲ್ಟರ್ ಮಾಸ್ಕ್ ಹಾಕಿ.

ಅಂಟು ತುಂಬುವ ಗನ್ನಿನಿಂದ ಮೊದಲು ಬರುವ ಅಂಟು ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮ ಆಗುವ ತನಕ ಕಾಗದದ ಮೇಲೆ ಸುರಿದು ಬಿಸಾಡಿ. ಆಮೇಲೆ ನಳಿಕೆಯನ್ನು ತಳಕ್ಕೆ ಇಳಿಸಿ, ಹಿಂದಿನಿಂದ ಮುಂದಕ್ಕೆ ತುಂಬಿಸುತ್ತಾ ಬನ್ನಿ, ಗಾಳಿ ಸಿಕ್ಕಿಕೊಳ್ಳದಂತೆ. ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೆ ತಳ್ಳಿದಾಗ ಬಾಯಲ್ಲಿ ಸ್ವಲ್ಪ ಅಂಟು ಉಕ್ಕಿ ಬರಬೇಕು. ಬರದಿದ್ದರೆ ಒಳಗೆ ಖಾಲಿ ಜಾಗ ಉಳಿದಿದೆ ಎಂದೇ ಅರ್ಥ. ಬೋಲ್ಟಿನ ತಲೆ ತಿರುಗದಂತೆ ಕಲ್ಲಿನಲ್ಲಿ ಸಣ್ಣ ಕಚ್ಚು ಕೊರೆದು ಅದರಲ್ಲಿ ಕೂರಿಸಿ. ಆಮೇಲೆ ಕೈ ತೆಗೆಯಿರಿ. ಕೂತಿದೆಯೇ ಎಂದು ಅಲುಗಾಡಿಸಿ ನೋಡುವುದೇ ಅದನ್ನು ಕೆಡಿಸುವ ದಾರಿ. ಚಳಿ ಹೆಚ್ಚಿದ್ದಷ್ಟು ಎಪಾಕ್ಸಿ ನಿಧಾನ. ತಯಾರಕರು ಆ ತಾಪಮಾನಕ್ಕೆ ಬರೆದ ಹೊತ್ತು ಪೂರ್ತಿ ಕಳೆಯಲಿ, ಅಲ್ಲಿವರೆಗೆ ಟೇಪ್ ಸುತ್ತಿ ಗುರುತು ಹಾಕಿಡಿ.

ರೂಟ್‌ನಿಂದ ದೂರ, ಅದೇ ಕಲ್ಲಿನ ಮೂಲೆಯೊಂದರಲ್ಲಿ ಒಂದೆರಡು ಬೋಲ್ಟ್ ಕೂರಿಸಿ, ಎಳೆದು ಅಳೆಯುವ ಉಪಕರಣವಿರುವವರಿಂದ ಕೀಳಿಸಿ ನೋಡಿ. ಬೋಲ್ಟ್ ಕಲ್ಲಿನ ಚಕ್ಕೆಯನ್ನು ಹೊತ್ತು ಬಂದರೆ ಅಂಟಿನ ಕೆಲಸ ಸರಿಯಿದೆ, ಬಲದ ಮಿತಿ ಕಲ್ಲಿನದು. ನುಣುಪಾಗಿ ಜಾರಿ ಬಂದರೆ ತೂತು ಸ್ವಚ್ಛವಾಗಿರಲಿಲ್ಲ ಎಂದಿರಬಹುದು. ಇವನ್ನೆಲ್ಲ ಮೊದಲ ಸಲ ಮಾಡುವಾಗ ಅನುಭವಿಗಳ ಜೊತೆಯಲ್ಲೇ ಮಾಡಿ. ಜಾಗದ ಅನುಮತಿಯನ್ನೂ ಮೊದಲೇ ಕೇಳಿಕೊಳ್ಳಿ, ಮರಳುಗಲ್ಲಿಗೆ ಬಿದ್ದ ತೂತನ್ನು ಅಳಿಸಲಾಗದು.

ಪ್ರಶ್ನೆ: ಮಳೆ ನಿಂತ ಮರುದಿನ ಮೇಲ್ಮೈ ಒಣಗಿದಂತೆ ಕಾಣುತ್ತದೆ. ಹತ್ತಬಹುದೇ?

ಉತ್ತರ: ಬೇಡ. ಮರಳುಗಲ್ಲು ನೀರನ್ನು ಹೀರಿಕೊಳ್ಳುತ್ತದೆ. ಕಣಗಳ ನಡುವೆ ಜೇಡಿಯಿರುವ ಕೆಲವು ಬಗೆಯ ಕಲ್ಲು ನೆನೆದಾಗ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. ಹಿಡಿ ಮುರಿಯುವುದಷ್ಟೇ ಅಲ್ಲ, ಅಂಟು ಹಿಡಿದಿರುವ ಕಲ್ಲೂ ಮೆತ್ತಗಾಗಿರುತ್ತದೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಎಲ್ಬೆ ನದಿಯ ಮರಳುಗಲ್ಲಿನ ಬಂಡೆಗಳ ಮೇಲೆ, ಒದ್ದೆಯಿದ್ದಾಗ ಹತ್ತಬಾರದೆಂಬುದು ನಿಯಮವೇ ಆಗಿದೆ. ಬುಡದ ಮಣ್ಣನ್ನು ಒಂದು ಬೆರಳುದ್ದ ಕೆದಕಿ ನೋಡಿ. ತೇವವಿದ್ದರೆ ಬಂಡೆಯೂ ಒಳಗೆ ಒದ್ದೆಯಾಗಿಯೇ ಇದೆ ಎಂದುಕೊಳ್ಳಿ. ಬೋಲ್ಟ್ ಕೂರಿಸುವ ಕೆಲಸವಿದ್ದರೆ ಇನ್ನೂ ಕೆಲವು ದಿನ ಹೆಚ್ಚೇ ಕಾಯಿರಿ.