ಏರಿನಲ್ಲಿ ಬಾಣ ಮೇಲಕ್ಕೆ, ಇಳಿಜಾರಿನಲ್ಲಿ ಕೆಳಕ್ಕೆ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಫೋಮ್ ಟಾರ್ಗೆಟ್ ಇಟ್ಟುಕೊಂಡು ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಅಭ್ಯಾಸ ಮಾಡುತ್ತೇನೆ. ಗಾಲ್ಫ್ ಆಡುವ ನಮ್ಮ ಭಾವ ದೂರ ಅಳೆಯುವ ತಮ್ಮ ಹಳೇ ಲೇಸರ್ ರೇಂಜ್‌ಫೈಂಡರ್ ಕೊಟ್ಟಿದ್ದಾರೆ. ಕಾಫಿ ಒಣಗಿಸುವ ಕಣದಲ್ಲಿ ಟೇಪು ಹಿಡಿದು ನೋಡಿದರೆ ಸರಿಯಾಗಿದೆ. ತೋಟದೊಳಗೆ ಹೋದರೆ ಕೆಡುತ್ತದೆ. ಅದು ತೋರಿಸಿದ ದೂರಕ್ಕೆ ಬಿಲ್ಲಿನ ಸೈಟ್ (ಗುರಿ ನೋಡುವ ಗುರುತು) ಇಟ್ಟು ಗುಡ್ಡದ ಮೇಲಿನ ಟಾರ್ಗೆಟ್‌ಗೆ ಬಿಟ್ಟರೆ ಬಾಣ ಮೇಲೆ ಹೋಗುತ್ತದೆ. ಕೆಳಗಿನ ಟಾರ್ಗೆಟ್‌ಗೆ ಬಿಟ್ಟರೆ ತಲುಪುವ ಮೊದಲೇ ನೆಲಕ್ಕೆ. ಒಮ್ಮೊಮ್ಮೆ ಅಂಕಿಯೂ ಹಾರುತ್ತದೆ. ಬ್ಯಾಟರಿ ಹೊಸದು. ರಿಪೇರಿಗೆ ಕೊಡಲೇ?

ಉತ್ತರ: ಕೊಡಬೇಡಿ. ರೋಗ ಏನೆಂದು ನೀವೇ ಬರೆದಿದ್ದೀರಿ. ಏರಿನಲ್ಲಿ ಮೇಲೆ, ಇಳಿಜಾರಿನಲ್ಲಿ ಕೆಳಗೆ, ಸಮತಟ್ಟಿನಲ್ಲಿ ಸರಿ. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ನಿಮ್ಮ ಭಾವ ಗಾಲ್ಫ್ ಆಡುತ್ತಾರೆ ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಅದರಲ್ಲಿ 'ಸ್ಲೋಪ್', ಅಂದರೆ ಏರು ಇಳಿಜಾರು ನೋಡಿ ದೂರದ ಅಂಕಿ ಬದಲಿಸುವ ಸೌಲಭ್ಯ, ಆನ್ ಆಗಿದೆ.

ಗಾಲ್ಫ್ ಚೆಂಡು ಎತ್ತರಕ್ಕೆ ಹೋಗಿ ಕಡಿದಾಗಿ ಇಳಿಯುತ್ತದೆ. ಎದುರಿಗೆ ನೆಲ ಏರುತ್ತಾ ಹೋದರೆ ಚೆಂಡು ಬೇಗ ನೆಲಕ್ಕೆ ತಾಗುತ್ತದೆ, ಹಾಗಾಗಿ ಇನ್ನೂ ಜೋರಾಗಿ ಹೊಡೆಯಬೇಕು. ಆದ್ದರಿಂದ ಗಾಲ್ಫಿನ ಯಂತ್ರ ಏರಿಗೆ ದೂರ ಸೇರಿಸುತ್ತದೆ, ಇಳಿಜಾರಿಗೆ ಕಳೆಯುತ್ತದೆ. ಬಾಣದ ಕತೆ ಬೇರೆ. ಅದು ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಅದು ಎಷ್ಟು ಬೀಳುತ್ತದೆ ಅನ್ನುವುದು ಅಡ್ಡ ದೂರದ ಮೇಲೆ, ಅಂದರೆ ನಕ್ಷೆಯಲ್ಲಿ ಅಳೆದರೆ ಸಿಗುವ ದೂರದ ಮೇಲೆ ನಿಂತಿದೆ. ಹಾಗಾಗಿ ಏರಿಗೂ ಕಳೆಯಬೇಕು, ಇಳಿಜಾರಿಗೂ ಕಳೆಯಬೇಕು. ಸರ್ವೆ ಕೆಲಸ ಮಾಡಿದ ನನ್ನಂಥವರಿಗೆ ಇದು ದಿನನಿತ್ಯದ ಲೆಕ್ಕ. ಗುಡ್ಡದ ಜಮೀನನ್ನು ಯಾರೂ ಇಳಿಜಾರಿನ ಉದ್ದಕ್ಕೆ ಅಳೆದು ಪೋಡಿ (ಜಮೀನಿನ ವಿಭಜನೆ) ಮಾಡುವುದಿಲ್ಲ.

ಒಂದು ಉದಾಹರಣೆ ನೋಡಿ. ಟಾರ್ಗೆಟ್ 40 ಮೀಟರ್ ದೂರ, 15 ಡಿಗ್ರಿ ಏರು. ಬಾಣಕ್ಕೆ ಬೇಕಾದ ಅಂಕಿ 38.6. ಆದರೆ ಟಾರ್ಗೆಟ್ ನಿಮಗಿಂತ 10 ಮೀಟರಿನಷ್ಟು ಎತ್ತರದಲ್ಲಿದೆ. ಗಾಲ್ಫಿನವರ ಸ್ಥೂಲ ಲೆಕ್ಕದಲ್ಲಿ ಎಷ್ಟು ಏರೋ ಅಷ್ಟು ದೂರ ಸೇರಿಸಬೇಕು. ಹಾಗಾಗಿ ಯಂತ್ರ 48–49 ತೋರಿಸಿದರೆ ಆಶ್ಚರ್ಯವಿಲ್ಲ. ಬಾಣದ ವೇಗ ಸೆಕೆಂಡಿಗೆ 85 ಮೀಟರ್ ಅಂತಿಟ್ಟುಕೊಂಡರೆ ಅದು ಒಂದಡಿಯ ಹತ್ತಿರ ಮೇಲೆ ಹೋಗುತ್ತದೆ. ಗುಡ್ಡದ ಆಚೆ ಕಾಫಿ ಕೊಯ್ಯುವವರು ಇದ್ದಾರಾ ಅಂತ ದಯವಿಟ್ಟು ಮೊದಲು ನೋಡಿಕೊಳ್ಳಿ. ಅಂಕಿಯ ಗಲಾಟೆ ಆಮೇಲೆ.

ಎಷ್ಟೋ ಗಾಲ್ಫ್ ಪಂದ್ಯಗಳಲ್ಲಿ ಸ್ಲೋಪ್ ಬಳಸುವಂತಿಲ್ಲ. ಅದಕ್ಕೇ ಬಹಳಷ್ಟು ಯಂತ್ರಗಳಲ್ಲಿ ಅದನ್ನು ಆಫ್ ಮಾಡುವ ಗುಂಡಿಯೋ ಸ್ವಿಚ್ಚೋ ಇರುತ್ತದೆ. ಆಫ್ ಮಾಡಿದರೆ ನೇರ ದೂರ ಸಿಗುತ್ತದೆ. ಕೋನವನ್ನು ಮೊಬೈಲಿನ ಮಟ್ಟ ನೋಡುವ ಆ್ಯಪ್‌ನಲ್ಲಿ ನೋಡಿ, ಕೊಸೈನ್‌ನಿಂದ ಗುಣಿಸಿ. 15 ಡಿಗ್ರಿಗೆ 0.966, 30 ಡಿಗ್ರಿಗೆ 0.866. ನಿಮ್ಮ ಟಾರ್ಗೆಟ್‌ಗಳು ಇದ್ದಲ್ಲೇ ಇರುತ್ತವಲ್ಲ, ಒಂದು ಸಲ ಲೆಕ್ಕ ಹಾಕಿ ಚೀಟಿ ಬರೆದಿಟ್ಟರೆ ಸಾಕು. ಆರ್ಚರಿಗೆಂದೇ ಮಾಡಿದ ಎಷ್ಟೋ ರೇಂಜ್‌ಫೈಂಡರ್‌ಗಳು ಈ ಲೆಕ್ಕ ತಾವೇ ಮಾಡುತ್ತವೆ. ಆದರೆ ಬರೀ ಅದಕ್ಕಾಗಿ ಹೊಸದು ಕೊಳ್ಳುವುದು ದಂಡ.

ಇನ್ನು ಅಂಕಿ ಹಾರುವುದು. ಗಾಲ್ಫಿನ ಯಂತ್ರ ಧ್ವಜದ ಕೋಲು ಹುಡುಕುವಂಥದ್ದು. ಹಿಂದಿನ ಮರ ಬಿಟ್ಟು ಹತ್ತಿರದ ವಸ್ತುವನ್ನೇ ಹಿಡಿಯುತ್ತದೆ. ತೋಟದಲ್ಲಿ ಆ ಹತ್ತಿರದ ವಸ್ತು ಕಾಫಿ ಗಿಡದ ರೆಂಬೆಯೋ ಮೆಣಸಿನ ಬಳ್ಳಿಯೋ ಆಗಿರುತ್ತದೆ. ಲೇಸರ್ ಕಿರಣ ಸೂಜಿಯಂತೆ ಇರುವುದಿಲ್ಲ. 50 ಮೀಟರಿಗೆ ಹೋಗುವಷ್ಟರಲ್ಲಿ ಅಂಗೈಯಷ್ಟಾದರೂ ಹರಡಿರುತ್ತದೆ. ಒಂದು ಎಲೆ ಅಡ್ಡ ಬಂದರೂ ಸಾಕು. ಮಳೆಗಾಲದ ಮಂಜಿನಲ್ಲಂತೂ ಅದನ್ನು ನಂಬಲೇಬೇಡಿ, ಕಿರಣ ಮಂಜಿಗೇ ತಾಗಿ ವಾಪಸ್ ಬರುತ್ತದೆ. ಟಾರ್ಗೆಟ್ ಸರಿಯಾಗಿ ಕಾಣದಿದ್ದರೆ ಪಕ್ಕದ ಸಿಲ್ವರ್ ಓಕ್ ಬೊಡ್ಡೆಗೆ ಹಿಡಿಯಿರಿ.

ಅಂಕಿ ಕಡಿಮೆಯಾಗುವ ಬದಲು ಜಾಸ್ತಿಯಾದರೆ ಇನ್ನೊಂದು ಅನುಮಾನ. ಯಂತ್ರದೊಳಗೆ ಕಣ್ಣಿಗೆ ಕಾಣುವ ಗುರುತು ಒಂದು ಕಡೆ, ಕಿರಣ ಒಂದು ಕಡೆ ಇರಬಹುದು. ಹಿಂದೆ ಬರೀ ಆಕಾಶ ಇರುವ ಕರೆಂಟು ಕಂಬ ನೋಡಿ. ಗುಂಡಿ ಒತ್ತಿಕೊಂಡೇ ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ ನಿಧಾನವಾಗಿ ಸರಿಸಿ. ಗುರುತು ಕಂಬದ ಮೇಲೆ ಬಂದಾಗಲೇ ಅಂಕಿ ಬಂದರೆ ಸರಿ ಇದೆ. ಪಕ್ಕದಲ್ಲಿದ್ದಾಗ ಬಂದರೆ ಎಷ್ಟು ಪಕ್ಕ ಅಂತ ನೆನಪಿಟ್ಟುಕೊಂಡು ಅಷ್ಟೇ ಸರಿಸಿ ಹಿಡಿಯಿರಿ. ಕಂಬ ಅಡ್ಡಡ್ಡದ ತಪ್ಪನ್ನು ಮಾತ್ರ ತೋರಿಸುತ್ತದೆ. ಮೇಲೆ ಕೆಳಗಿನದಕ್ಕೆ ಹೆಂಚಿನ ಮಾಡಿನ ತುದಿ ನೋಡಿ.

ಬ್ಯಾಟರಿಯ ಮೇಲೆ ಎಲ್ಲರಿಗೂ ಮೊದಲ ಅನುಮಾನ. ಬ್ಯಾಟರಿ ಇಳಿದರೆ ಸಾಮಾನ್ಯವಾಗಿ ಅಂಕಿ ಬರುವುದೇ ಕಷ್ಟವಾಗುತ್ತದೆ. ಏರು, ಇಳಿಜಾರು ನೋಡಿಕೊಂಡು ತಪ್ಪು ಹೇಳುವ ಬುದ್ಧಿ ಅದಕ್ಕಿಲ್ಲ.

ಪ್ರಶ್ನೆ: ನಮ್ಮ ಮೈದಾನದ 50 ಮೀಟರ್ ಗೆರೆಯಿಂದ ನನ್ನ ರೇಂಜ್‌ಫೈಂಡರ್ 55 ತೋರಿಸುತ್ತದೆ. ಯಾವುದು ತಪ್ಪು? – ದಾವಣಗೆರೆಯ ಓದುಗರು

ಉತ್ತರ: ಎರಡೂ ಸರಿ. ಅದು ಗಜದಲ್ಲಿ ಹೇಳುತ್ತಿದೆ. 50 ಮೀಟರ್ ಅಂದರೆ 54.68 ಗಜ. ಅಂಕಿಯ ಪಕ್ಕದ 'ವೈ' ಅಕ್ಷರ 'ಎಂ' ಆಗುವವರೆಗೆ ಮೋಡ್ ಗುಂಡಿ ಒತ್ತಿ. ಆಮೇಲೂ ಒಂದು ಮೀಟರ್ ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಎಷ್ಟೋ ಯಂತ್ರಗಳ ನಿಖರತೆಯೇ ಅಷ್ಟು. ಮೈದಾನದ ಗೆರೆಗೆ ವಿಶ್ವ ಆರ್ಚರಿ ಸಂಸ್ಥೆಯ ನಿಯಮ 50 ಮೀಟರಿನಲ್ಲಿ ಬಿಡುವ ವ್ಯತ್ಯಾಸ 15 ಸೆಂಟಿಮೀಟರ್ ಮಾತ್ರ. ಅದಕ್ಕೆ ಸ್ಟೀಲ್ ಟೇಪೇ ಬೇಕು. ಟಾರ್ಗೆಟ್ ಹಿಂದಕ್ಕೆ ವಾಲಿರುತ್ತದೆ. ಅದಕ್ಕೇ ಸ್ಟ್ಯಾಂಡಿನ ಕಾಲಿನಿಂದ ಅಳೆಯಬೇಡಿ, ಟಾರ್ಗೆಟ್‌ನ ಹಳದಿ ವೃತ್ತದ ನಡುವಿನಿಂದ ತೂಗುಗುಂಡು ಬಿಟ್ಟು ಅದು ನೆಲ ಮುಟ್ಟಿದ ಜಾಗದಿಂದ ಅಳೆಯಿರಿ.

ಪ್ರಶ್ನೆ: ಫೀಲ್ಡ್ ಆರ್ಚರಿ (ಕಾಡು, ಗುಡ್ಡದಲ್ಲಿ ಓಡಾಡುತ್ತಾ ಬೇರೆ ಬೇರೆ ದೂರದ ಟಾರ್ಗೆಟ್‌ಗಳಿಗೆ ಹೊಡೆಯುವ) ಪಂದ್ಯಕ್ಕೆ ರೇಂಜ್‌ಫೈಂಡರ್ ಒಯ್ಯಬಹುದೇ? – ಮೈಸೂರಿನ ಓದುಗರು

ಉತ್ತರ: ಇಲ್ಲ. ವಿಶ್ವ ಆರ್ಚರಿ ನಿಯಮದ ಪಂದ್ಯದಲ್ಲಿ ದೂರ ಬರೆಯದ ಟಾರ್ಗೆಟ್‌ಗಳನ್ನು ಕಣ್ಣಳತೆಯಲ್ಲೇ ಹೊಡೆಯಬೇಕು. ಕಾಂಪೌಂಡಿನವರಿಗೆ ಅದು 10ರಿಂದ 55 ಮೀಟರ್‌ವರೆಗೆ. ಬೈನಾಕ್ಯುಲರ್‌ಗೆ ಒಪ್ಪಿಗೆ ಇದೆ, ಆದರೆ ಅದರಲ್ಲಿ ದೂರ ಅಳೆಯುವ ಗುರುತು ಇರಬಾರದು. ಅಭ್ಯಾಸದಲ್ಲಿ ಮೊದಲು ಕಣ್ಣಳತೆಯಲ್ಲಿ ಒಂದು ಅಂಕಿ ಹೇಳಿ, ಬಾಣ ಬಿಟ್ಟ ಮೇಲೆ ಯಂತ್ರ ಹಿಡಿದು ನೋಡಿ. ಮೊದಲೇ ಯಂತ್ರ ನೋಡಿದರೆ ಕಣ್ಣು ಕಲಿಯುವುದಿಲ್ಲ.