ಫುಜೈರಾದ ಟ್ಯಾಂಕ್ ಕೆಲಸಕ್ಕೆ ಹೊರಟಿರೋ ಹಾಸನದ ಹುಡುಗನಿಗೆ

ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೀಯ, ಯುಎಇಯ ಫುಜೈರಾದಲ್ಲಿ ಕಚ್ಚಾತೈಲದ ಟ್ಯಾಂಕ್ ತಪಾಸಣೆಗೆ ಕರೆದಿದ್ದಾರೆ. ಅಲ್ಲಿ ಬದುಕು ಹೇಗೆ, ಟ್ಯಾಂಕ್ ತುಕ್ಕು ಹಿಡಿದ್ರೆ ಎಣ್ಣೆ ಕೆಡುತ್ತಾ ಅಂತ ಕೇಳಿದ್ದೀಯ. ಎರಡನೇದನ್ನೇ ಮೊದಲು ಹೇಳ್ತೀನಿ, ಇಲ್ಲಿನ ನಿನ್ನ ದಿನಗಳು ಹೆಚ್ಚಾಗಿ ಅದರಲ್ಲೇ ಕಳೆಯೋದು.

ಉಕ್ಕನ್ನ ತಿನ್ನೋದು ಎಣ್ಣೆಗಿಂತ ಹೆಚ್ಚಾಗಿ ಅದರ ಜೊತೆ ಬಂದು ತಳದಲ್ಲಿ ನಿಲ್ಲೋ ಉಪ್ಪುನೀರು ಕಣಪ್ಪ. ಅದರಲ್ಲಿ ಕ್ಲೋರೈಡ್ ಇರುತ್ತೆ, ಕರಗಿದ ಹೈಡ್ರೋಜನ್ ಸಲ್ಫೈಡ್ ಇರುತ್ತೆ, ಕೆಸರಿನಡಿ ಗಾಳಿಯಾಡದ ಕಡೆ ಸಲ್ಫೇಟಿನಿಂದ ಬದುಕೋ ಬ್ಯಾಕ್ಟೀರಿಯಾ ಇರುತ್ತೆ. ತಳದ ಪ್ಲೇಟು ಒಂದೇ ಸಮ ಸವೆಯಲ್ಲ, ಅಲ್ಲಲ್ಲಿ ಗುಳಿ ಬೀಳುತ್ತೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಈ ತುಕ್ಕಿನಿಂದ ಎಣ್ಣೆಯ ಸಾಂದ್ರತೆಯೋ ಗಂಧಕದ ಅಂಶವೋ ಹೇಳಿಕೊಳ್ಳುವಷ್ಟು ಬದಲಾಗಲ್ಲ. ಕಾಟ ಕೊಡೋದು ಅದರ ಪುಡಿ. ಐರನ್ ಆಕ್ಸೈಡ್, ಐರನ್ ಸಲ್ಫೈಡಿನ ನುಣ್ಣನೆ ಕಣಗಳು ನೀರಿನ ಹನಿಗಳ ಸುತ್ತ ಅಂಟಿ, ಹನಿಗಳು ಒಂದಕ್ಕೊಂದು ಕೂಡದ ಹಾಗೆ ಮಾಡ್ತವೆ. ಎಷ್ಟು ಕಡೆದರೂ ಬೆಣ್ಣೆ ಬಾರದ ಮೊಸರಿನ ಹಾಗೆ, ಎಷ್ಟು ಹೊತ್ತು ಬಿಟ್ಟರೂ ನೀರು ಬೇರೆಯಾಗಲ್ಲ. ನೀರು ಉಳಿದರೆ ಉಪ್ಪೂ ಉಳೀತು. ನೀರು, ಕೆಸರು ಸೇರಿ ಸಾಮಾನ್ಯವಾಗಿ ಶೇ 0.5 ಅಥವಾ 1 ಮೀರಬಾರದು ಅಂತ ಮಾರಾಟದ ಕರಾರಿರುತ್ತೆ. ಮೀರಿದ್ರೆ ಬೆಲೆ ಬೀಳುತ್ತೆ, ತಕರಾರು ಏಳುತ್ತೆ. ರಿಫೈನರಿಯಲ್ಲಿ ಎಣ್ಣೆಯ ಉಪ್ಪು ತೆಗೆಯೋ ಡೀಸಾಲ್ಟರ್‌ಗೂ ಸಿಗದೆ ನುಸುಳಿದ ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡ್‌ಗಳು ಕಾಯಿಸಿದಾಗ ಹೈಡ್ರೋಜನ್ ಕ್ಲೋರೈಡ್ ಬಿಡ್ತವೆ. ಬಟ್ಟಿ ಗೋಪುರದ ಮೇಲ್ಭಾಗದಲ್ಲಿ ಹಬೆ ನೀರಾಗೋ ಕಡೆ ಅದು ಆಮ್ಲವಾಗಿ ಅಲ್ಲಿನ ಪೈಪನ್ನ ತಿನ್ನುತ್ತೆ. ಅದಕ್ಕೇ ತಳದ ನೀರು ಬಸಿಯೋದನ್ನ ಸಣ್ಣ ಕೆಲಸ ಅಂತ ಯಾರಾದ್ರೂ ಅಂದ್ರೆ ನನಗೆ ಸಂಕಟವಾಗುತ್ತೆ.

ನಮ್ಮೂರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನ ಟ್ಯಾಂಕ್‌ಗಳನ್ನ ನೋಡಿರ್ತೀಯ. ಅಲ್ಲಿಗೆ ಬರೋದು ಶುದ್ಧೀಕರಿಸಿದ ಪೆಟ್ರೋಲು, ಡೀಸೆಲ್ಲು. ಕಚ್ಚಾತೈಲದ ಕೆಸರೇ ಬೇರೆ. ಖಾಲಿ ಮಾಡಿ ತೊಳೆದ ಟ್ಯಾಂಕಿನೊಳಗೆ ಮ್ಯಾಗ್ನೆಟಿಕ್ ಸ್ಕ್ಯಾನರ್ ತಳ್ಳಿಕೊಂಡು ಗುಳಿ ಹುಡುಕೋದು, ಸಿಕ್ಕಲ್ಲಿ ಅಲ್ಟ್ರಾಸಾನಿಕ್‌ನಲ್ಲಿ ದಪ್ಪ ಅಳೆಯೋದು ನಿನ್ನ ಕೆಲಸ. ಟ್ಯಾಂಕ್ ತಪಾಸಣೆ, ರಿಪೇರಿಯ ನಿಯಮಗಳಿರೋ ಎಪಿಐ 653 ಓದಿಕೊಂಡೇ ಬಾ. ಐರನ್ ಸಲ್ಫೈಡ್ ಒಣಗಿ ಗಾಳಿ ತಾಗಿದ್ರೆ ತಾನಾಗೇ ಹೊತ್ತಿಕೊಳ್ಳಬಹುದು, ಅದಕ್ಕೇ ಕೆಸರನ್ನ ಒದ್ದೆಯಾಗಿಟ್ಟು ತೆಗೀತಾರೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದ್ರೆ ಮೂಗೇ ಮರಗಟ್ಟುತ್ತೆ. ಕೊಳೆತ ಮೊಟ್ಟೆ ವಾಸನೆ ನಿಂತಿತು ಅಂತ ಧೈರ್ಯ ಮಾಡಬೇಡ, ಗ್ಯಾಸ್ ಮೀಟರ್ ನೋಡು. ಪರ್ಮಿಟ್ ಇಲ್ಲದೆ ಯಾರು ಹೇಳಿದ್ರೂ ಒಳಗಿಳೀಬೇಡ.

ಬದುಕಿನ ಮಾತಿಗೆ ಬಂದ್ರೆ, ಸಕಲೇಶಪುರದ ತಂಪು ಉಂಡವರಿಗೆ ಇಲ್ಲಿನ ಬೇಸಿಗೆ ಕಷ್ಟವೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಲ್ಲಿ ದುಡಿಸೋ ಹಾಗಿಲ್ಲ ಅಂತ ಕಾನೂನಿದೆ. ರೂಮು, ಊಟ ಎಲ್ಲ ಹೊಂದಿಕೆಯಾಗುತ್ತೆ. ಏಜೆಂಟ್ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿದವನಾ ನೋಡು. ಸೇವಾಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ಕೊಡಬೇಡ, ರಸೀದಿ ತಗೋ. ಕರಾರಿನಲ್ಲಿ ಹುದ್ದೆ ಇನ್‌ಸ್ಪೆಕ್ಟರ್ ಅಂತಿದೆಯಾ, ಟ್ಯಾಂಕ್ ಕ್ಲೀನಿಂಗ್ ಹೆಲ್ಪರ್ ಅಂತಿದೆಯಾ? ಸಹಿ ಹಾಕೋಕೆ ಮೊದಲು ಅದನ್ನ ನೋಡಿ ನನಗೆ ತಿಳಿಸು.