ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಕಡಿಮೆ ಬಂದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಕ್ಕಳಾಗಿಲ್ಲ ಎಂದರೆ ನಮ್ಮಲ್ಲಿ ಹೆಂಡತಿಗೆ ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ, ಲ್ಯಾಪರೋಸ್ಕೋಪಿ ಎಲ್ಲ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಖರ್ಚು ಕಡಿಮೆ, ನೋವಂತೂ ಇಲ್ಲ. ಈ ಸಲ ಬಂದ ಪ್ರಶ್ನೆಗಳೆಲ್ಲ ಆ ರಿಪೋರ್ಟ್ ಕೈಗೆ ಬಂದ ನಂತರದವು.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ನನಗೆ 27, ಯಜಮಾನರಿಗೆ 32. ಅವರ ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ 1.2 ಮಿ.ಲೀ., ಕೌಂಟ್ 12 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 25, ನಾರ್ಮಲ್ ಆಕಾರ ಶೇ. 3 ಎಂದು ಬಂದಿದೆ. ಸ್ಯಾಂಪಲ್ ಮನೆಯಲ್ಲೇ ತೆಗೆದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು, ಡಬ್ಬಿಗೆ ಹಾಕುವಾಗ ಮೊದಲು ಸ್ವಲ್ಪ ಚೆಲ್ಲಿತಂತೆ. ಅದಕ್ಕೂ ಮುಂಚೆ 12 ದಿನ ನಾವು ಸೇರಿರಲಿಲ್ಲ. ಒಂದು ತಿಂಗಳ ಹಿಂದೆ ಅವರಿಗೆ ಡೆಂಗಿ ಬಂದಿತ್ತು. ಟೆಸ್ಟ್ ಟ್ಯೂಬ್ ಬೇಬಿ ಒಂದೇ ದಾರಿ ಎನ್ನುತ್ತಿದ್ದಾರೆ, ನಿಜವೇ?
– ಓದುಗರು, ಹಾವೇರಿ

ಈ ರಿಪೋರ್ಟ್ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ. ಅದು ಯಾಕೆ ಕೆಟ್ಟಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ.

ಮೊದಲು ಚೆಲ್ಲಿದ ಭಾಗ. ಸ್ಖಲನದ ಮೊದಲ ಹನಿಗಳಲ್ಲೇ ವೀರ್ಯಾಣುಗಳು ಹೆಚ್ಚು, ಕೊನೆಯಲ್ಲಿ ಬರುವುದು ಬಹುಪಾಲು ಬರೀ ದ್ರವ. ಹೋದದ್ದು ಮೊದಲ ಭಾಗವಾದ್ದರಿಂದ ಪ್ರಮಾಣವೂ ಇಳಿಯಿತು, ಕೌಂಟೂ ಇಳಿಯಿತು. ಎರಡನೆಯದು 12 ದಿನದ ಅಂತರ. ಪರೀಕ್ಷೆಗೆ ಮುಂಚೆ 2ರಿಂದ 7 ದಿನ ಅಂತರವಿರಬೇಕು. ಅದಕ್ಕಿಂತ ಹೆಚ್ಚಾದರೆ ವೀರ್ಯಾಣುಗಳು ಒಳಗೇ ಹಳತಾಗಿ ಚಲನೆ ಕುಗ್ಗುತ್ತದೆ. ಮೂರನೆಯದು ಬಸ್ ಪ್ರಯಾಣ. ಸ್ಯಾಂಪಲ್ ಅರ್ಧ ಗಂಟೆಯೊಳಗೆ, ತಡವೆಂದರೂ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ದಾರಿಯಲ್ಲಿ ತಣ್ಣಗಾಗಲೂಬಾರದು, ಬಿಸಿಯಾಗಲೂಬಾರದು. ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಿ ಎಂದು ಹೇಳುವುದು ಅದಕ್ಕೇ. ಲ್ಯಾಬಿನ ಕೋಣೆಯಲ್ಲೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಎಣ್ಣೆ, ಕ್ರೀಮ್, ಎಂಜಲು ತಾಗಕೂಡದು. ಅಂಗಡಿಯ ಸಾಮಾನ್ಯ ಕಾಂಡೋಮ್ ಕೂಡ ಬೇಡ, ಅದರ ಲೇಪನದಿಂದ ವೀರ್ಯಾಣು ಸಾಯಬಹುದು.

ಡೆಂಗಿಯನ್ನು ಕೊನೆಗೆ ಇಟ್ಟೆವು, ಆದರೆ ಅದೇ ದೊಡ್ಡದಿರಬಹುದು. ಒಂದು ವೀರ್ಯಾಣು ವೃಷಣದಲ್ಲಿ ತಯಾರಾಗಲು ಸುಮಾರು 72 ದಿನ, ಹೊರಬರುವ ನಾಳದಲ್ಲಿ ಬಲಿಯಲು ಇನ್ನೂ ಹತ್ತು ಹದಿನೈದು ದಿನ. ಇಂದಿನ ಸ್ಯಾಂಪಲ್‌ನಲ್ಲಿ ಕಾಣುವುದು ಎರಡು ಮೂರು ತಿಂಗಳ ಹಿಂದಿನಿಂದ ನಡೆದ ಕೆಲಸ. ಜೋರು ಜ್ವರ ಆ ಕೆಲಸವನ್ನು ಕೆಡಿಸುತ್ತದೆ. ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ, 3–4 ದಿನದ ಅಂತರವಿಟ್ಟು, ಅದೇ ಲ್ಯಾಬಿನಲ್ಲಿ, ಒಂದು ಹನಿಯೂ ಹೋಗದಂತೆ ಕೊಟ್ಟು ನೋಡಲಿ.

ಆಗ ಹೋಲಿಸಬೇಕಾದ ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯವು: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 16 ಮಿಲಿಯನ್ ಅಂದರೆ 1.6 ಕೋಟಿ, ಇಡೀ ಸ್ಯಾಂಪಲ್‌ನಲ್ಲಿ 39 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 30, ನಾರ್ಮಲ್ ಆಕಾರ ಶೇ. 4. ಇವು ಪಾಸು–ಫೇಲು ಗೆರೆಗಳಲ್ಲ. ಒಂದು ವರ್ಷದೊಳಗೆ ತಂದೆಯಾದ ಗಂಡಸರಲ್ಲೇ ನೂರಕ್ಕೆ ಐವರು ಈ ಅಂಕಿಗಳಿಗಿಂತ ಕೆಳಗಿದ್ದರು. ಆಕಾರ ಶೇ. 3 ಎಂಬುದನ್ನು ನೋಡಿ ಹೌಹಾರಬೇಡಿ. ಎಲ್ಲ ಸರಿಯಿದ್ದವರಲ್ಲೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ವೀರ್ಯಾಣುಗಳ ಆಕಾರ ಸೊಟ್ಟಗೇ ಇರುವುದು ಮಾಮೂಲು, ಅದಕ್ಕೂ ಮಗುವಿನ ಅಂಗವೈಕಲ್ಯಕ್ಕೂ ಸಂಬಂಧವಿಲ್ಲ.

ನಿಮಗೆ 27 ವಯಸ್ಸು, ಕಾಯಲು ಸಮಯವಿದೆ. ಮೂರು ತಿಂಗಳು ಸುಮ್ಮನೆ ಕೂರಬೇಕಿಲ್ಲ, ಎರಡು ದಿನಕ್ಕೊಮ್ಮೆ ಸೇರುತ್ತಿರಿ. ‘ಶಕ್ತಿ ಕೂಡಿಡಲಿ’ ಎಂದು ಹದಿನೈದು ದಿನ ದೂರವಿದ್ದು ಮುಟ್ಟಿನಿಂದ ಎಣಿಸಿ ಹದಿನಾಲ್ಕನೇ ದಿನಕ್ಕಾಗಿ ಕಾಯುವವರು ಬಹಳ ಮಂದಿ, ಅದರಿಂದ ಲಾಭವಿಲ್ಲ. ನಿಮಗೆ 36 ಆಗಿದ್ದರೆ ಉತ್ತರವೇ ಬೇರೆ ಇರುತ್ತಿತ್ತು: ಎರಡನೇ ರಿಪೋರ್ಟಿಗೆ ಕಾಯುತ್ತಲೇ ನಿಮ್ಮ ಅಂಡಾಶಯದ ಪರೀಕ್ಷೆಯನ್ನೂ ಶುರು ಮಾಡಿ ಎನ್ನುತ್ತಿದ್ದೆವು.

ಪ್ರಶ್ನೆ: ನನಗೆ 35, ಹೆಂಡತಿಗೆ 31. ಎರಡು ಸಲ ಪರೀಕ್ಷೆ ಮಾಡಿಸಿದಾಗಲೂ ಕೌಂಟ್ 7–8 ಮಿಲಿಯನ್. ಸ್ಕ್ಯಾನಿನಲ್ಲಿ ಎಡಗಡೆ ವೆರಿಕೋಸೀಲ್ ಇದೆ ಎಂದಿದ್ದಾರೆ. ಒಬ್ಬರು ಆಪರೇಷನ್ ಎನ್ನುತ್ತಾರೆ, ಒಬ್ಬರು ಐಯುಐ (ತೊಳೆದ ವೀರ್ಯವನ್ನು ಗರ್ಭಕೋಶಕ್ಕೆ ಬಿಡುವುದು), ಇನ್ನೊಬ್ಬರು ನೇರ ಇಕ್ಸಿ (ಲ್ಯಾಬಿನಲ್ಲಿ ಅಂಡಾಣುವಿನೊಳಗೇ ವೀರ್ಯಾಣು ಬಿಡುವುದು).
– ಓದುಗರು, ಶಿವಮೊಗ್ಗ

ವೆರಿಕೋಸೀಲ್ ಎಂದರೆ ವೃಷಣದ ರಕ್ತನಾಳಗಳು ಊದಿ ಸುರುಳಿಗಟ್ಟುವುದು. ರಕ್ತ ಅಲ್ಲೇ ನಿಂತು ವೃಷಣ ಬೆಚ್ಚಗಾಗುತ್ತದೆ. ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ತಯಾರಾಗುವುದು. ಇದನ್ನು ಗುರುತಿಸುವುದು ಕೈಯಿಂದ. ನಿಲ್ಲಿಸಿ, ಮುಟ್ಟಿ, ಕೆಮ್ಮಿಸಿ ನೋಡಬೇಕು. ಸುರುಳಿ ಸುತ್ತಿದ ಬಳ್ಳಿ ಕೈಗೆ ಸಿಕ್ಕಂತಾದರೆ, ಕೌಂಟೂ ಕಡಿಮೆಯಿದ್ದರೆ, ಆಪರೇಷನ್ನಿಗೆ ಅರ್ಥವಿದೆ. ಸ್ಕ್ಯಾನಿನಲ್ಲಿ ಮಾತ್ರ ಕಂಡು ಕೈಗೆ ಸಿಗದ ವೆರಿಕೋಸೀಲ್‌ಗೆ ಕತ್ತರಿ ಹಾಕಿಸಬೇಡಿ, ಪ್ರಯೋಜನವಿಲ್ಲ. ನಿಮ್ಮ ಪತ್ರದಲ್ಲಿ ಸ್ಕ್ಯಾನ್ ಇದೆ, ಯಾರಾದರೂ ಮುಟ್ಟಿ ನೋಡಿದ್ದಾರೆಯೇ ಎಂಬುದಿಲ್ಲ. ಮೊದಲು ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಹತ್ತಿರ ಹೋಗಿ.

ಮಾಡಿಸುವುದಾದರೆ ಮೈಕ್ರೋಸ್ಕೋಪ್ ಇಟ್ಟು ಮಾಡುವ ಆಪರೇಷನ್ ಕೇಳಿ. ಅದರಲ್ಲಿ ಅಪಧಮನಿ, ದುಗ್ಧನಾಳಗಳನ್ನು ಉಳಿಸಬಹುದು. ಅವು ತುಂಡಾದರೆ ವೃಷಣ ಸೊರಗುವ, ಇಲ್ಲವೇ ಸುತ್ತ ನೀರು ತುಂಬುವ ಅಪಾಯವಿದೆ. ಫಲ ಕಾಣಲು ಮೂರರಿಂದ ಆರು ತಿಂಗಳು. ಸುಮಾರು ಮೂರರಲ್ಲಿ ಇಬ್ಬರಿಗೆ ಕೌಂಟ್ ಸುಧಾರಿಸುತ್ತದೆ, ಸುಧಾರಿಸಿದವರಿಗೆಲ್ಲ ಗರ್ಭ ನಿಲ್ಲುತ್ತದೆ ಎಂದಲ್ಲ.

ಐಯುಐಗೂ ಇಕ್ಸಿಗೂ ನಡುವೆ ತೀರ್ಮಾನಿಸುವ ಅಂಕಿ ಬೇರೆ: ವೀರ್ಯವನ್ನು ತೊಳೆದ ಮೇಲೆ ಉಳಿಯುವ ಚಲಿಸುವ ವೀರ್ಯಾಣುಗಳು ಒಟ್ಟು ಎಷ್ಟು? 5 ಮಿಲಿಯನ್ನಿಗಿಂತ ಹೆಚ್ಚಿದ್ದು, ಹೆಂಡತಿಯ ಗರ್ಭನಾಳಗಳು ತೆರೆದಿದ್ದರೆ ಮೂರು ಸಲ ಐಯುಐ ಮಾಡಿ ನೋಡಬಹುದು. 1 ಮಿಲಿಯನ್ನಿಗಿಂತ ಕಡಿಮೆಯಿದ್ದರೆ ಐಯುಐ ಎಂದರೆ ಹಣ, ತಿಂಗಳು ಎರಡೂ ದಂಡ. ಆರು, ಏಳು, ಎಂಟು ಎಂದು ಎಳೆಯುತ್ತ ಹೋಗುವುದಂತೂ ಬೇಡ.

ಇಕ್ಸಿಯಲ್ಲಿ ನಡೆಯುವುದು ಇಷ್ಟು. ಹೆಂಡತಿಗೆ ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್, ಮಧ್ಯೆ ಮಧ್ಯೆ ಸ್ಕ್ಯಾನ್. ಕೊನೆಯ ಇಂಜೆಕ್ಷನ್ ಕೊಟ್ಟ 34–36 ಗಂಟೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ತೆಗೆಯುತ್ತಾರೆ. ಲ್ಯಾಬಿನಲ್ಲಿ ವೀರ್ಯಾಣುಗಳನ್ನು ಅಂಟಾದ ದ್ರಾವಣಕ್ಕೆ ಬಿಟ್ಟಾಗ ಅವುಗಳ ಓಟ ನಿಧಾನವಾಗುತ್ತದೆ. ಆಗ ಎಂಬ್ರಿಯಾಲಜಿಸ್ಟ್ ಒಂದನ್ನು ಆರಿಸಿ, ಅದರ ಬಾಲವನ್ನು ಗಾಜಿನ ಸೂಜಿಯಿಂದ ತಟ್ಟೆಯ ತಳಕ್ಕೆ ಒತ್ತಿ ನಿಶ್ಚಲಗೊಳಿಸಿ, ಹೀರಿಕೊಂಡು, ಅಂಡಾಣುವಿನೊಳಗೆ ಬಿಡುತ್ತಾರೆ. ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಹೊರಗೆ ಕೋಟಿ ಬೇಕಾದದ್ದು ಇಲ್ಲಿ ಹತ್ತು ಹನ್ನೆರಡಕ್ಕೆ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಎರಡು ಕೋಶಕೇಂದ್ರಗಳು ಕಂಡರೆ ಫಲಿತವಾಯಿತು ಎಂದರ್ಥ. ಆದರೆ ಮಗು ಹುಟ್ಟುವ ಸಾಧ್ಯತೆಯನ್ನು ಮುಖ್ಯವಾಗಿ ನಿರ್ಧರಿಸುವುದು ಹೆಂಡತಿಯ ವಯಸ್ಸು. ನಿಮ್ಮ ಹೆಂಡತಿಗೆ 31 ಆದ್ದರಿಂದ, ವೆರಿಕೋಸೀಲ್ ಕೈಗೆ ಸಿಕ್ಕಿದರೆ ಆಪರೇಷನ್ ಮಾಡಿಸಿ ಆರು ತಿಂಗಳು ನೋಡುವುದು ನಮ್ಮ ಮಟ್ಟಿಗೆ ಸರಿ.

ಪ್ರಶ್ನೆ: ನನಗೆ 30. ಎರಡು ಬಾರಿಯೂ ಕೌಂಟ್ ಸೊನ್ನೆ. ಪ್ರಮಾಣ 0.8 ಮಿ.ಲೀ., ಪಿಎಚ್ 6.8, ಫ್ರಕ್ಟೋಸ್ ಇಲ್ಲ. ಎಫ್‌ಎಸ್‌ಎಚ್ (ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನ್) ನಾರ್ಮಲ್. ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲ. ನನಗೆ ಸ್ವಂತ ಮಗು ಆಗುವುದೇ ಇಲ್ಲವೇ?
– ಓದುಗರು, ದಾವಣಗೆರೆ

ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಸೊನ್ನೆಯಲ್ಲಿ ಎರಡು ಬಗೆ: ಕಾರ್ಖಾನೆ ನಡೆಯುತ್ತಿದ್ದು ದಾರಿ ಮುಚ್ಚಿರುವುದು ಒಂದು, ಕಾರ್ಖಾನೆಯೇ ನಿಂತಿರುವುದು ಇನ್ನೊಂದು. ನಿಮ್ಮ ಅಂಕಿಗಳು ಮೊದಲನೆಯದರ ಕಡೆ ಬೆರಳು ಮಾಡುತ್ತಿವೆ. ವೀರ್ಯದ ಬಹುಪಾಲು ದ್ರವ ಬರುವುದು ವೀರ್ಯಕೋಶಗಳಿಂದ. ಆ ದ್ರವ ಕ್ಷಾರೀಯ, ಫ್ರಕ್ಟೋಸ್ ಎಂಬ ಸಕ್ಕರೆ ಇರುವುದೂ ಅದರಲ್ಲೇ. ಪ್ರಮಾಣ ಕಡಿಮೆ, ಆಮ್ಲೀಯ, ಫ್ರಕ್ಟೋಸ್ ಇಲ್ಲ ಎಂದರೆ ಆ ಭಾಗದ ದ್ರವ ಹೊರಗೆ ಬರುತ್ತಲೇ ಇಲ್ಲ. ಹುಟ್ಟಿನಿಂದಲೇ ಎರಡೂ ಕಡೆ ವೀರ್ಯನಾಳ ಇಲ್ಲದಿದ್ದರೆ ಹೀಗಾಗುತ್ತದೆ. ಸರಿಯಿದ್ದವರಲ್ಲಿ ವೀರ್ಯನಾಳ ದಪ್ಪ ಶಾವಿಗೆಯ ಎಳೆಯಂತೆ ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಅನುಭವಿ ಡಾಕ್ಟರಿಗೆ ಎರಡು ನಿಮಿಷದ ಕೆಲಸ. ನಾಳ ಕೈಗೆ ಸಿಕ್ಕಿದರೆ ಮುಂದೆ ಎಲ್ಲಿ ಮುಚ್ಚಿದೆ ಎಂದು ಗುದದ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ನೋಡಬೇಕು.

ನಾಳವಿಲ್ಲದಿದ್ದರೆ ವೃಷಣದಿಂದ ಅಥವಾ ಅದರ ಮೇಲಿನ ಸುರುಳಿ ನಾಳದಿಂದ ಸೂಜಿ ಹಾಕಿ ವೀರ್ಯಾಣು ತೆಗೆದು ಇಕ್ಸಿ ಮಾಡುತ್ತಾರೆ, ಬಹುತೇಕ ಎಲ್ಲರಲ್ಲೂ ಸಿಗುತ್ತದೆ. ಅದಕ್ಕೂ ಮೊದಲು ಎರಡು ಕೆಲಸ. ಕಿಡ್ನಿಯ ಸ್ಕ್ಯಾನ್ ಮಾಡಿಸಿ, ಇಂಥವರಲ್ಲಿ ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಸಿಎಫ್‌ಟಿಆರ್ ಜೀನ್ ಪರೀಕ್ಷೆ ಮಾಡಿಸಿ. ಇಬ್ಬರಲ್ಲೂ ದೋಷವಿದ್ದರೆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಜೀರ್ಣಾಂಗಗಳನ್ನು ಕಾಡುವ ಆನುವಂಶಿಕ ಕಾಯಿಲೆ) ಬರಬಹುದು.

ಇದೇ ಸೊನ್ನೆ, ಆದರೆ ವೃಷಣ ಚಿಕ್ಕದಾಗಿದ್ದು ಎಫ್‌ಎಸ್‌ಎಚ್ ಏರಿರುವ ಓದುಗರೂ ಬರೆದಿದ್ದಾರೆ. ಅವರು ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳ ಸಂಖ್ಯೆ, ರಚನೆ ನೋಡುವ ಪರೀಕ್ಷೆ) ಮತ್ತು ವೈ ಕ್ರೋಮೋಸೋಮ್ ಪರೀಕ್ಷೆ ಮಾಡಿಸದೆ ಯಾವ ಆಪರೇಷನ್ನಿಗೂ ಒಪ್ಪಬಾರದು. ವೈ ಕ್ರೋಮೋಸೋಮಿನ ‘ಎ’ ಅಥವಾ ‘ಬಿ’ ಭಾಗ ಪೂರ್ತಿ ಅಳಿಸಿದ್ದರೆ ಹುಡುಕಿದರೂ ವೀರ್ಯಾಣು ಸಿಗುವುದಿಲ್ಲ. ‘ಸಿ’ ಭಾಗ ಮಾತ್ರವಾದರೆ ಸಿಗಬಹುದು, ಆದರೆ ಹುಟ್ಟುವ ಗಂಡುಮಗನಿಗೂ ಅದೇ ದೋಷ ಹೋಗುತ್ತದೆ. ಉಳಿದವರಿಗೆ ಮೈಕ್ರೋ ಟೆಸೆ, ಅಂದರೆ ಮೈಕ್ರೋಸ್ಕೋಪ್ ಇಟ್ಟು ವೃಷಣದೊಳಗೆ ವೀರ್ಯಾಣು ಹುಡುಕಿ ತೆಗೆಯುವ ಆಪರೇಷನ್, ಸುಮಾರು ಅರ್ಧದಷ್ಟು ಜನರಲ್ಲಿ ಸಿಗುತ್ತದೆ.

ಪ್ರಶ್ನೆ: ಜಿಮ್ಮಿನಲ್ಲಿ ಹೇಳಿದರೆಂದು ಎಂಟು ತಿಂಗಳು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡೆ. ಈಗ ಕೌಂಟ್ ಸೊನ್ನೆ. ಗಂಡಸರ ಹಾರ್ಮೋನೇ ಅಲ್ಲವೇ, ಹೇಗೆ ಹೀಗಾಯಿತು?
– ಓದುಗರು, ಬೆಂಗಳೂರು

ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್ ಕಂಡು ಮೆದುಳು ‘ಸಾಕಷ್ಟಿದೆ’ ಎಂದುಕೊಂಡು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಹಾರ್ಮೋನ್ ತುಂಬಿರುತ್ತದೆ, ವೃಷಣದೊಳಗೆ ಬರಗಾಲ. ಇಂಜೆಕ್ಷನ್ ನಿಲ್ಲಿಸಿ. ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ಕೌಂಟ್ ವಾಪಸ್ ಬರುತ್ತದೆ, ಕೆಲವರಿಗೆ ಇನ್ನೂ ತಡ. ಬೇಗ ಬೇಕಾದರೆ ಎಚ್‌ಸಿಜಿ ಇಂಜೆಕ್ಷನ್, ಕ್ಲೋಮಿಫೀನ್ ಮಾತ್ರೆ ಇವೆ, ತಜ್ಞರು ಬರೆದುಕೊಟ್ಟರೆ ಮಾತ್ರ. ಶಕ್ತಿ ಕಡಿಮೆ ಎಂದು ಯಾರಾದರೂ ಮತ್ತೆ ಟೆಸ್ಟೋಸ್ಟೆರಾನ್ ಬರೆದರೆ, ಮಗು ಬೇಕೆಂದಿದ್ದೇವೆ ಎಂದು ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಜಿಂಕ್, ಫೋಲಿಕ್ ಆಸಿಡ್ ಇರುವ ಪುಡಿಗೆ ತಿಂಗಳಿಗೆ ಎರಡೂವರೆ ಸಾವಿರ ಆಗುತ್ತಿದೆ. ಮುಂದುವರಿಸಲೇ?
– ಓದುಗರು, ಕಲಬುರಗಿ

ಬೇಡ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಿಗೆ ಆರು ತಿಂಗಳು ದಿನಕ್ಕೆ 30 ಮಿ.ಗ್ರಾಂ ಜಿಂಕ್, 5 ಮಿ.ಗ್ರಾಂ ಫೋಲಿಕ್ ಆಸಿಡ್ ಕೊಟ್ಟರು. ಕೌಂಟೂ ಏರಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ. ಬೀಡಿ, ಸಿಗರೇಟು, ಗುಟ್ಕಾ ಬಿಡುವುದು, ಹೊಟ್ಟೆ ಕರಗಿಸುವುದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳದಿರುವುದು, ಇವಕ್ಕೆ ಖರ್ಚಿಲ್ಲ. ಭಟ್ಟಿ, ಬೇಕರಿ ಒಲೆಯ ಮುಂದೆ ಇಡೀ ದಿನ ನಿಲ್ಲುವವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಪ್ರಶ್ನೆ: ಮುಂದಿನ ತಿಂಗಳು ನನ್ನ ಗಂಡನಿಗೆ ಮೈಕ್ರೋ ಟೆಸೆ. ವೀರ್ಯಾಣು ಸಿಗದಿದ್ದರೆ ದಾನಿಯ ವೀರ್ಯ ಬಳಸಬಹುದು ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?
– ಓದುಗರು, ಮೈಸೂರು

2021ರ ಸಹಾಯಕ ಸಂತಾನ ತಂತ್ರಜ್ಞಾನ ಕಾಯ್ದೆಯ ಪ್ರಕಾರ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ದಾನಿಗೆ 21ರಿಂದ 55 ವರ್ಷ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಕಡ್ಡಾಯ. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಗಂಡ ಹೆಂಡತಿ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಹುಟ್ಟುವ ಮಗು ಕಾನೂನಿನ ದೃಷ್ಟಿಯಲ್ಲಿ ನಿಮ್ಮಿಬ್ಬರದೇ, ದಾನಿಗೆ ಯಾವ ಹಕ್ಕೂ ಇಲ್ಲ.

ಈ ಮಾತನ್ನು ಆಪರೇಷನ್ ದಿನಕ್ಕೆ ಉಳಿಸಿಕೊಳ್ಳಬೇಡಿ. ಅಂದೇ ನಿಮ್ಮ ಅಂಡಾಣುಗಳನ್ನೂ ತೆಗೆದಿದ್ದು, ಅವರಲ್ಲಿ ವೀರ್ಯಾಣು ಸಿಗದಿದ್ದರೆ, ಥಿಯೇಟರ್ ಬಾಗಿಲಲ್ಲಿ ಸಹಿ ಕೇಳುತ್ತಾರೆ. ದಾನಿಯ ವೀರ್ಯವೋ, ಅಂಡಾಣುಗಳನ್ನು ಹಾಗೇ ಫ್ರೀಜ್ ಮಾಡಿಡುವುದೋ, ಇಬ್ಬರೂ ಮನೆಯಲ್ಲೇ ಕೂತು ಮಾತಾಡಿ ಬರೆದುಕೊಟ್ಟಿರಿ. ತೀರ್ಮಾನಕ್ಕೆ ಬರಲು ಆಗದಿದ್ದರೆ ಮೊದಲು ಮೈಕ್ರೋ ಟೆಸೆ ಮಾತ್ರ ಮಾಡಿಸಿ, ಸಿಕ್ಕಿದ್ದನ್ನು ಫ್ರೀಜ್ ಮಾಡಿಸಿ. ನಿಮ್ಮ ಇಂಜೆಕ್ಷನ್‌ಗಳನ್ನು ಆಮೇಲೆ ಶುರು ಮಾಡಬಹುದು.